ಐದನೆಯ ನಂಬರಿನ ಚಿರತೆ

ಮೃಗಾಲಯದ ಚಿತ್ರಕಾರನ ಮನೆಯಲ್ಲಿ ಇದ್ದದ್ದು ಒಂದೇ ಟೇಬಲ್ಲು. ಬೆಳಗ್ಗೆ ಅದರ ಮೇಲೆ ತಿಂಡಿ, ಆಮೇಲೆ ಚಿತ್ರ, ಒಂದು ಗಂಟೆಗೆ ಊಟ, ಮತ್ತೆ ಚಿತ್ರ. ಸಂಜೆ ಅಜ್ಜಿ ಸೊಪ್ಪು ಬಿಡಿಸುವುದೂ ಅದರ ಮೇಲೆಯೇ. ಮೃಗಾಲಯದವರು ಕೊಟ್ಟಿದ್ದ ಮನೆ ಅದು. ಎರಡು ಕೋಣೆ, ಒಂದು ಅಡುಗೆಮನೆ, ಹಿಂದಿನ ಕಿಟಕಿ ತೆರೆದರೆ ಜಿಂಕೆಗಳ ವಾಸನೆ. ಇಪ್ಪತ್ತೆಂಟು ವರ್ಷ ಅದನ್ನೇ ಉಸಿರಾಡಿದವರಿಗೆ ಅದು ವಾಸನೆಯೇ ಅಲ್ಲ. ಬಂದ ನೆಂಟರು ಮಾತ್ರ ಮೂಗು ಮುಚ್ಚಿಕೊಂಡು ಬೇಗ ಎದ್ದು ಹೋಗುತ್ತಿದ್ದರು. ಅದೂ ಒಂದು ಅನುಕೂಲವೇ ಎಂದು ಅಜ್ಜಿ ಹೇಳುತ್ತಿದ್ದಳು.

ಮೃಗಾಲಯದಲ್ಲಿ ಚಿತ್ರಕಾರನಿಗೆ ಏನು ಕೆಲಸ ಎಂದು ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಪಂಜರದ ಮುಂದಿನ ಬೋರ್ಡಿನ ಮೇಲೆ ಕರಡಿಯನ್ನೋ ಕೊಕ್ಕರೆಯನ್ನೋ ಬರೆಯುವುದು ಅರ್ಧ ಕೆಲಸ. ಇನ್ನರ್ಧ ಗುರುತಿನ ಹಾಳೆ. ಹುಲಿ, ಚಿರತೆ, ನೀರುನಾಯಿ, ಪ್ರತಿಯೊಂದಕ್ಕೂ ಒಂದೊಂದು ಹಾಳೆ. ಅದರಲ್ಲಿ ಮುಖ, ಎಡ ಮೈ, ಬಲ ಮೈ, ಕೆಳಗೆ ನಂಬರು, ದಿನಾಂಕ, ಚಿತ್ರಕಾರನ ಸಹಿ. ಒಂದು ಚುಕ್ಕೆ ಹೆಚ್ಚಿರಬಾರದು, ಒಂದು ಕಡಿಮೆಯಾಗಬಾರದು. ಫೋಟೋದಲ್ಲಾದರೆ ಸರಳಿನ ನೆರಳು ಬಿದ್ದಿರುತ್ತದೆ, ಪ್ರಾಣಿ ಮೈ ಮುದುಡಿಕೊಂಡಿರುತ್ತದೆ. ಯಾವುದಕ್ಕಾದರೂ ಔಷಧಿ ಕೊಡಬೇಕಾದಾಗ ಡಾಕ್ಟರು ಈ ಹಾಳೆ ಹಿಡಿದು ಸರಳಿನ ಮುಂದೆ ನಿಂತು ತಾಳೆ ನೋಡುತ್ತಿದ್ದರು. ಚರ್ಮದಡಿ ಚಿಪ್ ಇಟ್ಟು ಯಂತ್ರದಿಂದ ಓದುವ ಕ್ರಮವೂ ಬಂದಿತ್ತು. ಯಂತ್ರ ಕೆಟ್ಟು ವರ್ಷವಾಗಿತ್ತು, ರಿಪೇರಿಗೆ ಹೋದದ್ದು ಇನ್ನೂ ವಾಪಸು ಬಂದಿರಲಿಲ್ಲ.

ಎರಡು ವರ್ಷದಿಂದ ಈ ಕೆಲಸವನ್ನೆಲ್ಲ ಮಾಡುತ್ತಿದ್ದವಳು ಚಿತ್ರಕಾರನ ಮಗಳು. ಮನೆಯಲ್ಲಿ ಅವಳನ್ನು ಇಣಚಿ, ಅಂದರೆ ಅಳಿಲು, ಎಂದು ಕರೆಯುತ್ತಿದ್ದರು. ಚಿಕ್ಕಂದಿನಲ್ಲಿ ಅಪ್ಪನ ಪೆನ್ಸಿಲ್ಲುಗಳನ್ನು ಒಂದೂ ಬಿಡದೆ ಕಡಿದು ಹಾಕುತ್ತಿದ್ದಳೆಂದು ಅಪ್ಪನೇ ಇಟ್ಟ ಹೆಸರು. ಈಗ ಅವಳಿಗೆ ಇಪ್ಪತ್ತೊಂಬತ್ತು. ಮನೆಯ ಕಸ, ಮುಸುರೆ, ಬಟ್ಟೆ, ಅಜ್ಜಿಯ ಕಾಲಿಗೆ ಎಣ್ಣೆ, ಇದಿಷ್ಟೂ ಮುಗಿದ ಮೇಲೆ ಚಿರತೆ, ಹುಲಿ.

ಅಪ್ಪನ ಕಣ್ಣು ಹೋಗಿತ್ತು. ಪೂರ್ತಿ ಹೋಗಿದ್ದರೆ ಊರಿಗೆಲ್ಲ ತಿಳಿಯುತ್ತಿತ್ತು. ನಡುವಿನದು ಮಾತ್ರ ಹೋಗಿತ್ತು. ಎದುರಿಗೆ ನಿಂತವರ ಕಿವಿ ಕಾಣುತ್ತಿತ್ತು, ಭುಜ ಕಾಣುತ್ತಿತ್ತು, ಮುಖ ಇರಬೇಕಾದ ಜಾಗದಲ್ಲಿ ಬೂದು ಕಲೆ. ಹಾಗಾಗಿ ಯಾರನ್ನಾದರೂ ನೋಡಬೇಕೆಂದರೆ ಅವರ ಪಕ್ಕದ ಗೋಡೆ ನೋಡುತ್ತಿದ್ದ. ಆಫೀಸಿನವರು, ಇವನಿಗೆ ಇತ್ತೀಚೆಗೆ ಕೊಬ್ಬು ಬಂದಿದೆ, ಮುಖ ಕೊಟ್ಟು ಮಾತಾಡುವುದಿಲ್ಲ ಎಂದುಕೊಂಡರು. ಕಣ್ಣಿನ ಡಾಕ್ಟರು ಇದು ವಾಸಿಯಾಗುವಂಥದ್ದಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿ ಕಳಿಸಿದ್ದರು. ನಿವೃತ್ತಿಗೆ ಇನ್ನೂ ಮೂರು ವರ್ಷ ಇತ್ತು. ಮೊದಲೇ ಅನರ್ಹ ಎಂದು ಮನೆಗೆ ಕಳಿಸಿದರೆ ಮನೆಯನ್ನೇ ಕಿತ್ತುಕೊಳ್ಳುತ್ತಾರಲ್ಲ ಎಂದು ನಾಲ್ಕು ಜನ ಸೇರಿ ಬಾಯಿಗೆ ಬೀಗ ಹಾಕಿಕೊಂಡರು.

ಭಾನುವಾರ ಅಪ್ಪ, ಮಗಳು ಇಬ್ಬರೂ ಮೃಗಾಲಯಕ್ಕೆ ಹೋಗುತ್ತಿದ್ದರು. ಪೆಟ್ಟಿಗೆ ಹೊರುವುದಕ್ಕೆ ಮಗಳನ್ನು ಕರೆದುಕೊಂಡು ಬರುತ್ತೇನೆ ಎಂದು ಅವನು ಗೇಟಿನವನಿಗೆ ಹೇಳಿದ್ದ. ಕಲ್ಲುಬೆಂಚಿನ ಮೇಲೆ ಕೂತು ಇಣಚಿ ಬರೆಯುತ್ತಿದ್ದಳು, ಅಪ್ಪ ಪಕ್ಕದಲ್ಲಿ ಕೂತು ಹೆಜ್ಜೆ ಸಪ್ಪಳ ಕೇಳುತ್ತಿದ್ದ. ಕಣ್ಣು ಹೋದಮೇಲೆ ಅವನ ಕಿವಿ ಚುರುಕಾಗಿತ್ತು. ಯಾರಾದರೂ ಬಂದರೆ ಮೊಣಕೈಯಿಂದ ತಿವಿಯುತ್ತಿದ್ದ. ಹಲಗೆ ಅವಳ ತೊಡೆಯಿಂದ ಅವನ ತೊಡೆಗೆ ಹೋಗುತ್ತಿತ್ತು, ಪೆನ್ಸಿಲ್ಲು ಅವನ ಕೈಗೆ. ಬಂದವರು, "ಅಬ್ಬಾ, ಏನು ಕೈ ಸಾರ್ ನಿಮ್ಮದು!" ಎನ್ನುತ್ತಿದ್ದರು. ಅಪ್ಪ ಗೋಡೆಗೆ ಹೇಳುವಂತೆ, "ಎಲ್ಲ ಅಭ್ಯಾಸ ಅಷ್ಟೆ" ಎನ್ನುತ್ತಿದ್ದ. ಒಮ್ಮೆ ನಿರ್ದೇಶಕಿಯೇ ಬಂದು ನಿಂತು, ವಯಸ್ಸಾಗ್ತಾ ನಿಮ್ಮ ಕೈ ಇನ್ನೂ ಸೂಕ್ಷ್ಮ ಆಗ್ತಿದೆಯಲ್ಲ ಎಂದು ಬೆರಗಾದರು. ಅವತ್ತು ಮನೆಗೆ ಬಂದು ಅಪ್ಪ ಊಟ ಮಾಡಲಿಲ್ಲ. ಉಪ್ಪು ಹೆಚ್ಚಾಯಿತು ಎಂದು ತಟ್ಟೆ ತಳ್ಳಿದ. ಉಪ್ಪು ಸರಿಯಾಗಿಯೇ ಇತ್ತು.

ಜಗಳ ಶುರುವಾದದ್ದು ಅಮ್ಮ ತಂದ ಒಂದು ಸುದ್ದಿಯಿಂದ. ಅಮ್ಮ ಮೃಗಾಲಯದ ಮೇವಿನ ಕೋಣೆಯಲ್ಲಿ ಕೆಲಸಕ್ಕಿದ್ದಳು. ಬೆಳಗ್ಗೆ ಆರಕ್ಕೆ ಹೋಗಿ ಮಂಗಗಳಿಗೆ ಹಣ್ಣು, ಹಕ್ಕಿಗಳಿಗೆ ಮೊಟ್ಟೆ, ಚಿರತೆಗಳಿಗೆ ಮಾಂಸ ಹೆಚ್ಚುವುದು. ಹನ್ನೊಂದಕ್ಕೆ ಬರುವಾಗ ಅವಳ ಕೈ ಮೂರು ತರದ ವಾಸನೆ ಹೊಡೆಯುತ್ತಿತ್ತು.

"ಸಹಾಯಕ ಚಿತ್ರಕಾರ ಅಂತ ಒಂದು ಹುದ್ದೆ ಕರೆದಿದಾರೆ," ಎಂದಳು ಕೈ ತೊಳೆಯುತ್ತಾ. "ಬೋರ್ಡಿಗೆ ಅಂಟಿಸಿದ್ರು. ಮೂವತ್ತು ವರ್ಷದೊಳಗೆ ಇರಬೇಕಂತೆ."

ಇಣಚಿ ಬ್ರಷ್ಷು ಕೆಳಗಿಟ್ಟಳು. "ನಾನು ಹಾಕ್ತೀನಿ."

"ಏನು ಹಾಕ್ತೀಯಾ?" ಅಪ್ಪ ಒಳಕೋಣೆಯಿಂದ ಬಂದ.

"ಅರ್ಜಿ ಅಪ್ಪಾ. ಮುಂದಿನ ವರ್ಷಕ್ಕೆ ನಂಗೆ ಮೂವತ್ತು ತುಂಬುತ್ತೆ. ಇದೇ ಕೊನೆ."

"ಹನ್ನೆರಡು ಚಿತ್ರ ಕೊಡಬೇಕು ಅದಕ್ಕೆ. ಕೊಟ್ರೆ ಅವರು ನೋಡಲ್ವಾ? ಎರಡು ವರ್ಷದಿಂದ ನನ್ನ ಹೆಸರಲ್ಲಿ ಹೋಗಿರೋ ಚಿತ್ರ, ನಿನ್ನ ಹೆಸರಲ್ಲಿ ಬರೋ ಚಿತ್ರ, ಎರಡೂ ಒಂದೇ ಕೈ ಅಂತ ಕುರುಡನಿಗೂ ಗೊತ್ತಾಗುತ್ತೆ."

ಕುರುಡ ಎಂದದ್ದು ಕೇಳಿ ಅಮ್ಮ ಕೈ ತೊಳೆಯುವುದನ್ನು ನಿಲ್ಲಿಸಿದಳು. ಅಜ್ಜಿಯೇ ಕೊನೆಗೆ, "ಮಗಳು ಅಪ್ಪನ ತರ ಬರೀತಾಳೆ ಅಂತ ಹೇಳಿದ್ರಾಯ್ತು ಕಣೋ. ಅಪ್ಪನ ಮೂಗು ಬಂದಿಲ್ವಾ? ಹಾಗೇ ಕೈಯೂ ಬಂತು," ಎಂದಳು.

ಅಪ್ಪ ಯೋಚಿಸಿ ಒಂದು ಉಪಾಯ ಹೇಳಿದ. ಅದನ್ನು ಹೇಳುವಾಗ ಅವನ ಮುಖದಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ. "ಹಾಕು. ಆದ್ರೆ ಸ್ವಲ್ಪ ಕೆಟ್ಟದಾಗಿ ಬರಿ."

"ಏನು?"

"ಸ್ವಲ್ಪ ಕೆಟ್ಟದಾಗಿ. ಕಾಲು ಉದ್ದ ಮಾಡು, ಕಣ್ಣು ದೊಡ್ಡ ಮಾಡು. ಕಲೀತಾಳೆ ಬಿಡು ಅನ್ನೋ ಹಾಗೆ."

ಇಣಚಿ ನಕ್ಕಳು. ಆ ಮನೆಯಲ್ಲಿ ಅವಳು ಬಾಯಿಬಿಟ್ಟು ನಕ್ಕದ್ದು ಬಹಳ ದಿನಗಳ ಮೇಲೆ. ಅಪ್ಪನಿಗೆ ನಗುವ ಮುಖ ಕಾಣಲಿಲ್ಲ, ಸದ್ದು ಮಾತ್ರ ಕೇಳಿತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

"ನಗ್ತೀಯಾ? ಯಾರ ಅನ್ನ ತಿಂದು ನಗ್ತೀಯಾ?"

"ಯಾರು ಬರೆದಿದ್ದಕ್ಕೆ ಸಂಬಳ ಬರುತ್ತೋ ಅವರ ಅನ್ನ ತಿಂದು," ಎಂದಳು.

ಅಮ್ಮ ಸೌಟು ಹಿಡಿದುಕೊಂಡೇ ಬಂದು ನಡುವೆ ನಿಂತಳು. "ಅಪ್ಪನಿಗೆ ಹೀಗೆಲ್ಲ ಎದುರು ಮಾತಾಡ್ತಾರೇನೇ? ತಟ್ಟೆ ಹಾಕು, ಹೋಗು."

ಇಣಚಿ ಕೆಟ್ಟದಾಗಿ ಬರೆಯಲಿಲ್ಲ. ಬರೆಯಬೇಕೆಂದು ಒಂದು ಬೆಳಿಗ್ಗೆ ಕೂತಳು, ಕೈ ಕೇಳಲಿಲ್ಲ. ಮೃಗಾಲಯದ ಪ್ರಾಣಿಗಳನ್ನು ಬಿಟ್ಟು ಬೀದಿಯ ನಾಯಿ, ಗೋಡೆಯ ಹಲ್ಲಿ, ಕಸದ ಮೇಲಿನ ಕಾಗೆ, ಪಕ್ಕದ ಮನೆಯ ಬೆಕ್ಕು, ಇವನ್ನೇ ಹನ್ನೆರಡು ಮಾಡಿ, ಕೆಳಗೆ ತನ್ನ ಸಹಿ ಹಾಕಿ, ಆಫೀಸಿಗೆ ಕೊಟ್ಟು ಬಂದಳು. ಸಹಿ ಹಾಕುವುದಕ್ಕೇ ಬಹಳ ಹೊತ್ತು ಹಿಡಿಯಿತು. ಎರಡು ವರ್ಷ ಚಿತ್ರ ಮುಗಿಸಿ ಕೆಳಗಡೆ ಖಾಲಿ ಬಿಟ್ಟು ರೂಢಿಯಾಗಿತ್ತು.

ಅದೇ ವಾರ ಚಿರತೆಗಳ ಹೊಸ ಗುರುತಿನ ಹಾಳೆ ಮಾಡಬೇಕಿತ್ತು. ಐದು ವರ್ಷಕ್ಕೊಮ್ಮೆ ಹಾಳೆ ಬದಲಾಗುತ್ತದೆ. ವಯಸ್ಸಾದಂತೆ ಮೈ ಸಡಿಲವಾಗಿ ಚುಕ್ಕೆಗಳು ಜಾಗ ಬಿಡುತ್ತವೆ, ಹಳೆಯ ಹಾಳೆ ದಾಖಲೆಯ ಕೋಣೆ ಸೇರುತ್ತದೆ. ನಾಲ್ಕನೆಯ ನಂಬರು, ಐದನೆಯ ನಂಬರು ಅಕ್ಕತಂಗಿಯರು, ಒಂದೇ ಸೂಲಿನವು. ಎರಡೂ ಮುದಿಯಾಗಿದ್ದವು, ಎರಡೂ ಸೊರಗಿದ್ದವು, ದಿನವಿಡೀ ಒಂದೇ ಕಟ್ಟೆಯ ಮೇಲೆ ಒಂದರ ಬೆನ್ನಿಗೆ ಒಂದು ಒರಗಿ ಮಲಗುತ್ತಿದ್ದವು. ಹಳೇ ಕಾವಲುಗಾರನೊಬ್ಬನಿಗೆ ಬಿಟ್ಟರೆ ಯಾರಿಗೂ ಅವುಗಳಲ್ಲಿ ವ್ಯತ್ಯಾಸ ತಿಳಿಯುತ್ತಿರಲಿಲ್ಲ, ಅವನು ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿದ್ದ. ಜಿಂಕೆಯ ಕಡೆಯಿಂದ ಬಂದ ಹೊಸಬನಿಗೆ ಎರಡೂ ಚಿರತೆ, ಅಷ್ಟೆ.

ಇಣಚಿ ಒಂಬತ್ತು ದಿನ ಕೂತು ಎರಡನ್ನೂ ಮುಗಿಸಿದಳು. ಅಪ್ಪನದು ಒಂದೇ ಹಟ. ಚಿತ್ರ ಯಾರೇ ಬರೆಯಲಿ, ಕೆಳಗಿನ ನಂಬರು, ಸಹಿ ತನ್ನ ಕೈಯಿಂದಲೇ ಆಗಬೇಕು. ಅದಕ್ಕೆಂದು ಇಣಚಿ ಒಂದು ರಟ್ಟಿನ ತುಂಡಿನಲ್ಲಿ ಎರಡು ಕಿಂಡಿ ಕೊರೆದು ಕೊಟ್ಟಿದ್ದಳು. ಅದನ್ನು ಹಾಳೆಯ ಮೂಲೆಗೆ ಒತ್ತಿ ಹಿಡಿದು, ಒಂದು ಕಿಂಡಿಯೊಳಗೆ ನಂಬರು, ಇನ್ನೊಂದರೊಳಗೆ ಸಹಿ, ಬೆರಳಿನಿಂದ ತಡವಿ ತಡವಿ ಬರೆಯುತ್ತಿದ್ದ. ಅದು ಅವನಿಗೆ ಉಳಿದಿದ್ದ ಕೆಲಸ.

"ನಾಲ್ಕು ಮೇಲಿದೆ, ಐದು ಕೆಳಗಿದೆ," ಎಂದು ಹೇಳಿ ಇಣಚಿ ಬಟ್ಟೆ ಒಗೆಯಲು ಹಿತ್ತಲಿಗೆ ಹೋದಳು. ಅಷ್ಟರಲ್ಲಿ ಊಟದ ಹೊತ್ತಾಯಿತು. ಅಜ್ಜಿ ಹಾಳೆಗಳನ್ನು ಒಂದೊಂದಾಗಿ ಎತ್ತಿ ಮಂಚದ ಮೇಲೆ ಹಾಕಿ, ಟೇಬಲ್ಲಿಗೆ ತಟ್ಟೆ ಇಟ್ಟಳು. ಹಾಗೆ ಮೇಲಿದ್ದದ್ದು ಕೆಳಗಾಯಿತು. ಊಟವಾದ ಮೇಲೆ ಟೇಬಲ್ಲು ಒರೆಸಿ ಎರಡನ್ನೂ ಒಟ್ಟಿಗೆ ತಂದು ಹಾಗೆಯೇ ಇಟ್ಟಳು. ಅಪ್ಪ ಕೂತ, ರಟ್ಟು ಒತ್ತಿದ, ಮೇಲಿನದಕ್ಕೆ ನಾಲ್ಕು ಎಂದು ಬರೆದ, ಕೆಳಗಿನದಕ್ಕೆ ಐದು ಎಂದು ಬರೆದ, ಎರಡಕ್ಕೂ ಸಹಿ ಹಾಕಿ ಕೊಳವೆಯಲ್ಲಿ ಸುತ್ತಿಟ್ಟ.

ಮರುದಿನ ಬೆಳಿಗ್ಗೆ ಇಣಚಿ ಕೇಳಿದ್ದಳು. "ಅಪ್ಪಾ, ಕೊಳವೆ ಕೊಡು, ಒಂದ್ಸಲ ನೋಡಿಬಿಡ್ತೀನಿ."

"ನಾನೇನು ನಿನ್ನೆ ಮೊನ್ನೆ ಈ ಕೆಲಸಕ್ಕೆ ಬಂದವನಾ? ನನ್ನ ಅಕ್ಷರಾನೂ ನೀನೇ ತಿದ್ದಬೇಕಾ?"

ಅವಳು ಸುಮ್ಮನಾದಳು. ಸುಮ್ಮನಾದದ್ದೇ ತನ್ನ ತಪ್ಪು ಎಂದು ಅವಳು ಆಮೇಲೆ ಬಹಳ ಸಲ ಅಂದುಕೊಂಡಳು.

ಎರಡು ವಾರ ಕಳೆದು ಆಫೀಸಿನಿಂದ ಕಾಗದ ಬಂತು. ಮುಂದಿನ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಸಂದರ್ಶನ. ನಿರ್ದೇಶಕಿ ಅಪ್ಪನನ್ನು ಕರೆದು, "ನಿಮ್ಮ ಕೈಯನ್ನೇ ಇಳಿಸ್ಕೊಂಡು ಹುಟ್ಟಿದಾಳೆ ನಿಮ್ಮ ಮಗಳು. ಆ ಕಾಗೆ ಚಿತ್ರ ನೋಡಿ ನಾನು ದಂಗಾದೆ," ಎಂದರಂತೆ. ಅಪ್ಪ ಇದನ್ನು ಮನೆಯಲ್ಲಿ ಹೇಳಲಿಲ್ಲ. ಮೇವಿನ ಕೋಣೆಯಲ್ಲಿ ಕೇಳಿಕೊಂಡು ಬಂದು ಅಮ್ಮ ಹೇಳಿದಳು. ಇಣಚಿ ಆ ದಿನ ಎರಡು ಸಲ ಪಾತ್ರೆ ತೊಳೆದಳು, ತೊಳೆದದ್ದೇ ಮರೆತು.

ಅದಾದ ಮೂರನೆಯ ದಿನ ಐದನೆಯ ನಂಬರಿನ ಚಿರತೆಯನ್ನು ಕೊನೆಯ ಸೂಜಿ ಹಾಕಿ ಮಲಗಿಸುವುದೆಂದು ತೀರ್ಮಾನವಾಯಿತು. ಅದರ ಮೂತ್ರಪಿಂಡ ಎರಡೂ ಹೋಗಿವೆ ಎಂದು, ಹಳೇ ಕಾವಲುಗಾರ ಇದ್ದಾಗ ತೆಗೆದ ರಕ್ತದಲ್ಲಿ ಗೊತ್ತಾಗಿತ್ತು. ನರಳುವುದಕ್ಕಿಂತ ಹೋಗುವುದು ವಾಸಿ. ಡಾಕ್ಟರು ಹೊಸ ಹಾಳೆ ಹಿಡಿದು ಸರಳಿನ ಮುಂದೆ ಅರ್ಧ ಗಂಟೆ ನಿಂತು, ಚುಕ್ಕೆಗೆ ಚುಕ್ಕೆ ತಾಳೆ ನೋಡಿದರು. ತಾಳೆಯಾಯಿತು. ಅಷ್ಟು ಚೆನ್ನಾಗಿ ಬರೆದಿದ್ದಳು ಇಣಚಿ, ಅನುಮಾನಕ್ಕೆ ಜಾಗವೇ ಇರಲಿಲ್ಲ. ಸೂಜಿ ಹಾಕಿದರು. ಹೊಟ್ಟೆ ಕೊಯ್ದು ನೋಡಿದರೆ ಮೂತ್ರಪಿಂಡ ಎರಡೂ ಹೊಳೆಯುತ್ತಿದ್ದವು.

ದಾಖಲೆಯ ಕೋಣೆಯಿಂದ ಹಳೆಯ ಹಾಳೆ ತಂದರು. ಸತ್ತದ್ದು ನಾಲ್ಕನೆಯದು. ಐದನೆಯದು ಕಟ್ಟೆಯ ಮೇಲೆ ಒಂದೇ ಕೂತು, ಹೊರಗೆ ಬಾಗಿಲ ಸದ್ದಾದಾಗಲೆಲ್ಲ ತಲೆ ಎತ್ತುತ್ತಿತ್ತು.

"ಚಿತ್ರ ಸರಿ ಇದೆಯಂತೆ, ನಂಬರು ಅದಲುಬದಲಂತೆ," ಎಂದು ಅಮ್ಮ ಮನೆಗೆ ಬಂದು ಹೇಳಿದಾಗ ಎಲ್ಲರೂ ಟೇಬಲ್ಲಿನ ಸುತ್ತ ಇದ್ದರು. ಅಪ್ಪ ಬ್ರೆಡ್ಡು ಮುರಿಯುತ್ತಿದ್ದವನು ಮುರಿಯುತ್ತಲೇ ಇದ್ದ. ಇಣಚಿ ಮೊದಲು ಅಪ್ಪನನ್ನು ನೋಡಿದಳು, ಆಮೇಲೆ ಅಜ್ಜಿಯನ್ನು.

"ನನ್ನನ್ಯಾಕೆ ನೋಡ್ತೀಯಾ?" ಎಂದಳು ಅಜ್ಜಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ. "ತಟ್ಟೆ ಇಡೋಕೆ ಜಾಗ ಬೇಡ್ವಾ? ಊಟ ಏನು ನೆಲದ ಮೇಲೆ ಬಡಿಸ್ಲಾ?"

"ನಾನು ಕೇಳಿದ್ದೆ, ಒಂದ್ಸಲ ನೋಡ್ತೀನಿ ಅಂತ," ಎಂದಳು ಇಣಚಿ.

"ಕೇಳಿದ್ದೆ, ಕೇಳಿದ್ದೆ!" ಅಪ್ಪ ಬ್ರೆಡ್ಡನ್ನು ತಟ್ಟೆಗೆ ಎಸೆದ. "ಎಲ್ಲಾದಕ್ಕೂ ನೀನು ಮೊದಲೇ ಹೇಳಿರ್ತೀಯಾ. ಈಗ ಏನು ಮಾಡೋದು ಅದು ಹೇಳು."

ಏನು ಮಾಡುವುದು ಎಂಬುದು ಎರಡು ದಿನದಲ್ಲಿ ತೀರ್ಮಾನವಾಯಿತು. ತೀರ್ಮಾನ ಮಾಡಿದವರು ಮೂವರು, ನಾಲ್ಕನೆಯವಳಿಗೆ ತಿಳಿಸಿದರು. ಬುಧವಾರ ರಾತ್ರಿ ಊಟಕ್ಕೆ ಕೂತಾಗ ಅಜ್ಜಿಯೇ ಶುರು ಮಾಡಿದಳು. ಇಂಥ ಮಾತು ಶುರು ಮಾಡುವುದಕ್ಕೆ ಮನೆಯಲ್ಲಿ ಒಬ್ಬರು ಹಿರಿಯರು ಬೇಕಲ್ಲ.

"ನೋಡೇ, ನಿಂಗೇನು ಕೆಲಸ ಇದ್ಯಾ ಕಳ್ಕೊಳ್ಳೋಕೆ? ಇಲ್ಲ. ಆ ಜೋಡಿ ಮಾತ್ರ ನೀನು ಬರೆದೆ, ಅಪ್ಪನಿಗೆ ಜ್ವರ ಇತ್ತು, ನಂಬರು ನೀನೇ ಹಾಕಿದೆ ಅಂತ ಒಂದು ಮಾತು ಹೇಳಿಬಿಡು. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

"ನಾಳೆ ನಂಗೆ ಸಂದರ್ಶನ ಇದೆ ಅಜ್ಜಿ."

"ಇರ್ಲಿ. ಹುಡುಗಿ, ಗೊತ್ತಾಗದೆ ಮಾಡಿದಾಳೆ ಅಂತ ಬಿಡ್ತಾರೆ."

"ಚಿರತೆ ಸತ್ತಿದೆ. ಸತ್ತಿರೋದಕ್ಕೆ ಕಾರಣ ನಾನು ಅಂತ ಹೇಳಿ, ಆಮೇಲೆ ಕೆಲಸ ಕೊಡಿ ಅಂತ ಕೇಳ್ಲಾ?"

"ಈ ಕೆಲಸ ಇಲ್ದಿದ್ರೆ ಇನ್ನೊಂದು. ನಿಂಗೆ ವಯಸ್ಸಿದೆ," ಎಂದ ಅಪ್ಪ ಅವಳ ಪಕ್ಕದ ಕಿಟಕಿಗೆ.

"ವಯಸ್ಸು ಇದೊಂದೇ ವರ್ಷ ಇರೋದು. ಎರಡು ವರ್ಷ ನಿನ್ನ ಹೆಸರಿಗೆ ಬರೆದೆ. ಒಂದು ದಿನ ನನ್ನ ಹೆಸರಿಗೆ ಬರೀತೀನಿ ಅಂದ್ರೆ ಆಗಲ್ವಾ ಅಪ್ಪಾ? ಕಣ್ಣು ಕಾಣ್ಸಲ್ಲ ಅಂತ ಹೇಳ್ಬಿಡು. ಕಾಯಿಲೆ ಅದು, ಕಳ್ಳತನ ಅಲ್ಲ."

"ಎರಡು ವರ್ಷ ಮುಚ್ಚಿಟ್ಟಿದ್ದು ಕಳ್ಳತನವೇ ಆಗುತ್ತೆ. ಈ ಮನೆ ಹೋಗುತ್ತೆ. ಸಹಾಯಕರಿಗೆ ಮನೆ ಕೊಡಲ್ಲ, ಅದು ಗೊತ್ತಾ ನಿಂಗೆ? ನೀನು ಬ್ರಷ್ಷು ಹಿಡ್ಕೊಂಡು ಆಫೀಸಿಗೆ ಹೋಗು, ನಾವು ಮೂರು ಜನ ಅಜ್ಜಿ ಮಂಚ ಹೊತ್ಕೊಂಡು ಬೀದಿಗೆ ಹೋಗ್ತೀವಿ."

"ನಾನು ಸುಳ್ಳು ಹೇಳಲ್ಲ. ಕೇಳಿದ್ರೆ ಇದ್ದಿದ್ದು ಇದ್ದ ಹಾಗೆ ಹೇಳ್ತೀನಿ."

ಅಮ್ಮ ಮಗಳ ತಟ್ಟೆಗೆ ಇನ್ನೊಂದು ಮೊಟ್ಟೆ ಇಟ್ಟು, "ತಿನ್ನು. ನಾಳೆ ಹಾಕ್ಕೊಳ್ಳೋ ಬಟ್ಟೆ ತೆಗೆದಿಡು, ನಾನು ಇಸ್ತ್ರಿ ಮಾಡ್ತೀನಿ," ಎಂದಳು. ಇಣಚಿಯ ಕಣ್ಣು ತುಂಬಿ ಬಂತು. ಅಮ್ಮ ತನ್ನ ಕಡೆಗಿದ್ದಾಳೆ ಎಂದುಕೊಂಡಳು. ಅಮ್ಮ ಆ ನೀಲಿ ಬಟ್ಟೆಯನ್ನು ಒಂದು ಸುಕ್ಕೂ ಉಳಿಯದಂತೆ ಇಸ್ತ್ರಿ ಮಾಡಿ ಕೊಟ್ಟಳು.

ಗುರುವಾರ ಇಣಚಿ ಹನ್ನೊಂದಕ್ಕೆ ಐದು ನಿಮಿಷ ಮೊದಲೇ ನಿರ್ದೇಶಕಿಯ ಕೋಣೆಯ ಬಾಗಿಲಲ್ಲಿದ್ದಳು. ಕಂಕುಳಲ್ಲಿ ಹೊಸ ಚಿತ್ರಗಳ ಕಟ್ಟು. ಒಳಗೆ ಕರೆದರು. ಹೋದರೆ ನಿರ್ದೇಶಕಿಯ ಎದುರಿಗೆ ಅಪ್ಪ ಕೂತಿದ್ದ, ಪಕ್ಕದ ಕುರ್ಚಿಯಲ್ಲಿ ಅಮ್ಮ, ಮೇವಿನ ಕೋಣೆಯ ಏಪ್ರನ್ ಬಿಚ್ಚದೆಯೇ. ಕಿಟಕಿಗೆ ಒರಗಿ ಡಾಕ್ಟರು. ಮೇಜಿನ ಮೇಲೆ ನಾಲ್ಕು ಹಾಳೆ, ಎರಡು ಹಳೆಯವು, ಎರಡು ಹೊಸವು.

"ಕೂತ್ಕೋಬೇಡ," ಎಂದರು ನಿರ್ದೇಶಕಿ. "ಈ ಎರಡು ಹಾಳೆ ನೀನೇ ಬರೆದಿದ್ದಾ?"

"ಹೌದು ಮೇಡಂ. ಆದ್ರೆ ನಂಬರು…"

"ನಿಮ್ಮ ತಂದೆ ಎಲ್ಲ ಹೇಳಿದಾರೆ. ಇಷ್ಟು ವರ್ಷ ಬರೆದವರು, ಜ್ವರ ಅಂತ ಒಂದು ವಾರ ಮಲಗಿದ್ದಕ್ಕೆ ಹೀಗಾಯ್ತಲ್ಲ ಅಂತ ಇಲ್ಲೇ ಕೂತು ಅತ್ತರು."

"ಅಪ್ಪನಿಗೆ ಜ್ವರ ಇರ್ಲಿಲ್ಲ. ನಂಬರು ಬರೆದಿದ್ದು ಅಪ್ಪ. ಅಕ್ಷರ ನೋಡಿ ಮೇಡಂ, ಅದು ಅವರದ್ದೇ."

ಡಾಕ್ಟರು ಕಿಟಕಿಯಿಂದ, "ಚಿತ್ರವನ್ನೇ ಅವರ ತರ ನಕಲು ಮಾಡಿದವಳಿಗೆ ಒಂದು ಅಂಕಿ ನಕಲು ಮಾಡೋದು ಯಾವ ಲೆಕ್ಕ?" ಎಂದರು. ತಮ್ಮ ಕೈಯಾರೆ ಸೂಜಿ ಹಾಕಿದವರು ಅವರು. ಸಿಟ್ಟು ಇಳಿಸಲು ಅವರಿಗೂ ಒಂದು ಜಾಗ ಬೇಕಾಗಿತ್ತು.

ಇಣಚಿ ಅಮ್ಮನ ಕಡೆ ತಿರುಗಿದಳು. "ಅಮ್ಮಾ, ಹೇಳು. ನೀನು ಅಲ್ಲೇ ಇದ್ದೆಯಲ್ಲ. ಊಟ ಆದ್ಮೇಲೆ ಅಪ್ಪ ಕೂತು ಬರೆದಿದ್ದು ನೀನು ನೋಡ್ಲಿಲ್ವಾ?"

ನಿರ್ದೇಶಕಿ ಅಮ್ಮನನ್ನು ಕೇಳಿದರು. "ನೀವು ನೋಡಿದ್ರಾ?"

"ನೋಡಿದೆ ಮೇಡಂ," ಎಂದಳು ಅಮ್ಮ. ಮಡಿಲಲ್ಲಿ ಕೈಗಳನ್ನು ಒಂದರ ಮೇಲೊಂದು ಇಟ್ಟುಕೊಂಡಿದ್ದಳು. "ಇವಳೇ ಬರೆದಿದ್ದು."

ಆಗ ಇಣಚಿಯ ಬಾಯಿಂದ ಆ ಮಾತು ಬಂತು. "ಅಪ್ಪನಿಗೆ ಕಣ್ಣು ಕಾಣಲ್ಲ ಮೇಡಂ. ಎರಡು ವರ್ಷದಿಂದ ಕಾಣಲ್ಲ. ಎಲ್ಲ ಹಾಳೆನೂ ನಾನೇ ಬರೆದಿರೋದು."

ಕೋಣೆಯಲ್ಲಿ ಎಲ್ಲರೂ ಅಪ್ಪನನ್ನು ನೋಡಿದರು. ಅಪ್ಪ ಗಾಬರಿಯಾಗಲಿಲ್ಲ. ನೋವು ತಿಂದವನ ದನಿಯಲ್ಲಿ, "ಕೆಲಸ ಸಿಗಲ್ಲ ಅಂತ ಹೊಟ್ಟೆ ಉರಿ ಮೇಡಂ. ಎಲ್ಲಾನೂ ತಾನೇ ಬರೆದೆ ಅಂದ್ರೆ ಆ ಹುದ್ದೆ ಸಿಗುತ್ತೆ ಅಂತ ಲೆಕ್ಕ. ಇವಳು ಬರೆದಿದ್ದು ಅದೊಂದೇ ಜೋಡಿ," ಎಂದ.

ನಿರ್ದೇಶಕಿ ಒಂದು ಕ್ಷಣ ಇಬ್ಬರನ್ನೂ ನೋಡಿದರು. ಅವರು ಕೆಟ್ಟವರಲ್ಲ, ತೀರ್ಪು ಕೊಡಬೇಕಾದವರು ಅಷ್ಟೆ. "ಮೃಗಾಲಯದ ದಾಖಲೆಯನ್ನ ಮನೇಲಿ ಕೂತು ಗೀಚಿದವಳನ್ನ ನಾನು ಕೆಲಸಕ್ಕೆ ತಗೊಳ್ಳಲ್ಲ. ಇನ್ನು ಗೇಟಿನೊಳಗೂ ಬರಬೇಡ," ಎಂದರು. ಆಮೇಲೆ ಅಪ್ಪನಿಗೆ, "ನೀವೂ ಇನ್ನು ಮನೆಗೆ ಹಾಳೆ ಒಯ್ಯೋ ಹಾಗಿಲ್ಲ. ಸೋಮವಾರ ಬೆಳಿಗ್ಗೆ ಚಿರತೆ ಪಂಜರದ ಮುಂದೆ ಕೂತು ಐದನೇ ನಂಬರಿನ ಹಾಳೆ ಹೊಸದಾಗಿ ಮಾಡಿ. ನಾನೂ ಇರ್ತೀನಿ. ಕಣ್ಣಿನ ಮಾತೂ ಅಲ್ಲೇ ಮುಗಿದುಹೋಗ್ಲಿ."

"ಆಗ್ಲಿ ಮೇಡಂ," ಎಂದ ಅಪ್ಪ. ಇಪ್ಪತ್ತೆಂಟು ವರ್ಷ ಮೇಲಿನವರು ಹೇಳಿದ್ದಕ್ಕೆಲ್ಲ ಆಗಲಿ ಎಂದವನು, ಅವತ್ತೂ ಹಾಗೇ ಬಾಯಿಗೆ ಬಂತು.

ಮುಂದಿನ ಎರಡು ದಿನ ಇಣಚಿ ಎಂದಿನಂತೆ ಕಸ ಗುಡಿಸಿದಳು, ನೀರು ತುಂಬಿದಳು, ಅಜ್ಜಿಯ ಕಾಲಿಗೆ ಎಣ್ಣೆ ತಿಕ್ಕಿದಳು. ಅಳಬೇಕೆನಿಸಿದಾಗ ಹಿತ್ತಲಿಗೆ ಹೋಗಿ ಅತ್ತು, ಮುಖ ತೊಳೆದು ಬಂದಳು. ಶುಕ್ರವಾರ ಪಾತ್ರೆ ತೊಳೆಯುವಾಗ ಅಮ್ಮ ಪಕ್ಕದಲ್ಲಿ ನಿಂತು, "ನಿಂಗೆ ಮುಂದೆ ನೂರು ದಾರಿ ಇದೆ. ನಮಗೆ ಇರೋದು ಇದೊಂದೇ ಸೂರು," ಎಂದಳು. ಇಣಚಿ ತೊಳೆದ ಪಾತ್ರೆಯನ್ನು ಅಮ್ಮನ ಕೈಗೆ ಕೊಟ್ಟಳು. ಅಮ್ಮ ಒರೆಸಿ ಇಟ್ಟಳು.

ಶನಿವಾರ ಅಪ್ಪ ಟೇಬಲ್ಲಿಗೆ ಕೂತು ಅಭ್ಯಾಸ ಮಾಡಿದ. ಬಿಳಿ ಹಾಳೆಯ ಮೇಲೆ, ನೆನಪಿನಿಂದ, ಒಂದು ಬೆನ್ನಿನ ಗೆರೆ ಎಳೆದ. ಗೆರೆ ಚೆನ್ನಾಗಿಯೇ ಬಂತು, ಕೈ ಇನ್ನೂ ಮರೆತಿರಲಿಲ್ಲ. ಕಾಲು ಎಳೆದಾಗ ಅದು ಬೆನ್ನಿಗೆ ಮೂರು ಬೆರಳು ದೂರದಲ್ಲಿ ಗಾಳಿಯಲ್ಲಿ ನಿಂತಿತು. ಕಣ್ಣು ಎಲ್ಲಿಡಬೇಕೆಂದು ಹುಡುಕಿ ಹುಡುಕಿ ಹಾಳೆಯ ಹೊರಗೆ, ಟೇಬಲ್ಲಿನ ಮರದ ಮೇಲೆ ಇಟ್ಟ. ಅಜ್ಜಿ ಅದನ್ನು ನೋಡಿ ಒಳಗೆ ಹೋಗಿ ಮಲಗಿಕೊಂಡಳು.

ಭಾನುವಾರ ಮಧ್ಯಾಹ್ನ ನಾಲ್ವರೂ ಊಟಕ್ಕೆ ಕೂತಾಗ ಅಮ್ಮ ಒಂದು ಕಾಗದ, ಒಂದು ಪೆನ್ನು ತಂದು ಇಣಚಿಯ ತಟ್ಟೆಯ ಪಕ್ಕಕ್ಕೆ ಇಟ್ಟಳು.

"ಮೇಡಂಗೆ ಒಂದು ಕಾಗದ ಬರಿ," ಎಂದಳು. "ಸಿಟ್ಟಿನಲ್ಲಿ ಕಣ್ಣಿನ ವಿಷಯ ಸುಳ್ಳು ಹೇಳ್ದೆ, ಕ್ಷಮಿಸಿ ಅಂತ. ಸಂಜೆನೇ ಅವರ ಮನೆಗೆ ತಲುಪಿಸ್ತೀನಿ. ಆಗ ನಾಳೆದು ತಪ್ಪುತ್ತೆ."

ಇಣಚಿ ಅನ್ನ ಕಲೆಸುತ್ತಿದ್ದಳು.

"ಬರೆಯೇ," ಎಂದಳು ಅಜ್ಜಿ. "ಆಗಿದ್ದು ಆಗೋಯ್ತು. ಅಪ್ಪ ಅಂತ ಒಬ್ಬ ತಾನೆ ಇರೋದು?"

"ಕೇಳಿಸ್ತಾ ನಿಂಗೆ?" ಅಪ್ಪನ ದನಿ ಬಿರುಸಾಗಿ ಶುರುವಾಗಿ ನಡುವೆ ಕುಸಿಯಿತು. "ಇಣಚೀ. ಬರಿಯಮ್ಮ. ಇಲ್ಲಾಂದ್ರೆ ಏನಾದ್ರೂ ದಾರಿ ಹೇಳು. ಎಲ್ಲಿಂದ ಶುರು ಮಾಡ್ಲಿ, ಎಷ್ಟು ಅಳತೆ ಬಿಡ್ಲಿ, ಅದಾದ್ರೂ ಹೇಳು."

ಅವಳು ಒಂದು ತುತ್ತು ಅಗಿದು ನುಂಗಿದಳು. ಅವಸರವೇ ಇರಲಿಲ್ಲ. ನೀರು ಕುಡಿದಳು.

"ನಾನು ಬರೆದಿದ್ದು ಅದೊಂದೇ ಜೋಡಿ ಅಲ್ವಾ ಅಪ್ಪಾ? ಅದನ್ನೂ ತಪ್ಪು ಮಾಡ್ದೆ. ಇಪ್ಪತ್ತೆಂಟು ವರ್ಷ ಬರೆದವನಿಗೆ ನಾನೇನು ಹೇಳಿಕೊಡ್ಲಿ?"

"ನಿನ್ನ ತಲೆ ಮೇಲೂ ಸೂರು ಹೋಗುತ್ತೆ, ನೆನಪಿರ್ಲಿ," ಎಂದಳು ಅಮ್ಮ.

"ನೆನಪಿದೆ."

ಕಾಗದದ ಮೇಲೆ ಸಾರಿನ ಹನಿ ಬಿತ್ತು. ಯಾರೂ ಅದನ್ನು ತೆಗೆಯಲಿಲ್ಲ.

ಸೋಮವಾರ ಅಪ್ಪ ಪೆಟ್ಟಿಗೆಯನ್ನು ತಾನೇ ಹೊತ್ತುಕೊಂಡು ಹೋದ. ಹನ್ನೆರಡೂವರೆಗೆ ಅಮ್ಮ ಅವನ ಕೈ ಹಿಡಿದುಕೊಂಡು ವಾಪಸು ಬಂದಳು. ಇಪ್ಪತ್ತೆಂಟು ವರ್ಷದಲ್ಲಿ ಅವರಿಬ್ಬರು ಕೈ ಹಿಡಿದು ಬೀದಿಯಲ್ಲಿ ನಡೆದದ್ದು ಯಾರೂ ನೋಡಿರಲಿಲ್ಲ. ಅಪ್ಪ ಟೇಬಲ್ಲಿನ ಮುಂದಿನ ಕುರ್ಚಿಯಲ್ಲಿ ಕೂತ. ಅಜ್ಜಿ ಒಳಗಿನಿಂದ, "ಏನಾಯ್ತೇ?" ಎಂದು ಕೂಗಿದಳು.

ಅಮ್ಮ ಅಜ್ಜಿಗೆ ಉತ್ತರ ಕೊಡಲಿಲ್ಲ. ಮಗಳ ಎದುರಿಗೆ ಬಂದು ನಿಂತು, ಅವಳಿಗೇ ಹೇಳಿದಳು.

"ಎರಡು ಗಂಟೆ ಕೂತು ಬರೆದರು. ಮೇಡಂ ಹಿಂದೆ ನಿಂತಿದ್ರು, ಡಾಕ್ಟರೂ ನಿಂತಿದ್ರು, ಮೇವಿನ ಕೋಣೆಯವರೆಲ್ಲ ಬಂದು ನಿಂತಿದ್ರು. ಮುಗೀತು ಅಂತ ಇವರು ಹಾಳೆ ಎತ್ತಿ ಕೊಟ್ಟರು. ಮೇಡಂ ತಿರುಗಿಸಿ ಮುರುಗಿಸಿ ನೋಡಿ, ಇದೇನು ಸಾರ್ ಅಂತ ಕೇಳಿದ್ರು. ಚಿರತೆ ಮೇಡಂ, ಅಂದರು ಇವರು." ಅಮ್ಮ ಏಪ್ರನ್ನಿಗೆ ಕೈ ಒರೆಸಿದಳು. "ಯಾರೂ ನಗಲಿಲ್ಲ. ನಕ್ಕಿದ್ರೆ ಚೆನ್ನಾಗಿತ್ತು."

ಅಪ್ಪ ಕುರ್ಚಿಯಲ್ಲಿ ಅಲುಗಾಡಲಿಲ್ಲ.

"ತಿಂಗಳೊಳಗೆ ಮನೆ ಖಾಲಿ ಮಾಡಬೇಕು. ಆ ಹುದ್ದೆನೂ ತೆಗೆದುಹಾಕಿದ್ರು, ಇನ್ನು ಎಲ್ಲದಕ್ಕೂ ಫೋಟೋನೇ ಅಂತೆ. ನೀನು ಬರೆದ ಹಾಳೆಗಳನ್ನೆಲ್ಲ, ಎರಡು ವರ್ಷದ್ದು, ಕಟ್ಟುಕಟ್ಟಿ ದಾಖಲೆ ಕೋಣೆಯಿಂದ ಹೊರಗೆ ಹಾಕ್ತಿದ್ರು ನಾನು ಬರುವಾಗ." ಅಮ್ಮ ಮಗಳ ಮುಖದ ಹತ್ತಿರಕ್ಕೆ ಬಗ್ಗಿದಳು. ಅವಳ ಕೈಯಿಂದ ಮಾಂಸದ ವಾಸನೆ ಬರುತ್ತಿತ್ತು. "ಈಗ ಹೊಟ್ಟೆ ತಣ್ಣಗಾಯ್ತಾ ನಿಂಗೆ?"

ಇಣಚಿ ಅಪ್ಪನನ್ನು ನೋಡಿದಳು. ಅವಳ ಉತ್ತರಕ್ಕಾಗಿ ಅಪ್ಪ ಮುಖವನ್ನು ಪಕ್ಕದ ಗೋಡೆಗೆ ತಿರುಗಿಸಿಕೊಂಡು, ಕಿವಿಗೊಟ್ಟು ಕಾಯುತ್ತಿದ್ದ. ಇಲ್ಲ ಎಂದು ಹೇಳಿದ್ದರೆ ಸಾಕಾಗಿತ್ತು, ಆ ಮನೆಯಲ್ಲಿ ಸುಳ್ಳಿಗೆ ಬರವೇನೂ ಇರಲಿಲ್ಲ.

"ಆಯ್ತಮ್ಮ," ಎಂದಳು, ಅಪ್ಪನಿಗೆ ಕೇಳುವಷ್ಟು ಸ್ಪಷ್ಟವಾಗಿ.